ಕೆಲಸ ಹೋದ ದಿನ ತೆರೆಯಬೇಕಾದ ಬಾಗಿಲು

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಗಾರ್ಮೆಂಟ್ಸ್ ಕಾರ್ಮಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಇಳಿದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ, ಮೊದಲೇ ಗೊತ್ತುಮಾಡಿದ ಬಂದ್ ಇರಲಿಲ್ಲ. ಒಂದು ಕಾರ್ಖಾನೆಯ ಗೇಟಿನಿಂದ ಹೊರಟ ಸುದ್ದಿ ಮುಂದಿನ ಗೇಟಿಗೆ ಮುಟ್ಟಿತು, ಅಲ್ಲಿಂದ ಅದರ ಮುಂದಿನದಕ್ಕೆ. ಎರಡನೆಯ ದಿನ ಕಲ್ಲು ತೂರಾಟ ನಡೆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಬಳಿ ವಾಹನಗಳು ಸುಟ್ಟುಹೋದವು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ತಲೆ ತಗ್ಗಿಸಿ ಬಂದು, ತಲೆ ತಗ್ಗಿಸಿ ಹೋಗುವ ಈ ಹೆಂಗಸರನ್ನು ಬೀದಿಗೆ ತಂದದ್ದೇನು ಎಂಬ ಪ್ರಶ್ನೆ ಅಂದಿಗಿಂತ ಇಂದು ಹೆಚ್ಚು ಮುಖ್ಯವಾಗಿದೆ.

ಅವರನ್ನು ಬೀದಿಗೆ ತಂದದ್ದು ಒಂದು ನಿಯಮದ ತಿದ್ದುಪಡಿ. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ (ಪಿಎಫ್) ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣ ಮತ್ತು ಅದರ ಬಡ್ಡಿಯನ್ನು ಮಾತ್ರ ತೆಗೆಯಬಹುದು. ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗದು ಎಂಬುದು ಅದರ ಸಾರ. ದೆಹಲಿಯಲ್ಲಿ ಕುಳಿತು ನೋಡಿದರೆ ಇದು ವಿವೇಕದ ಮಾತೇ. ಮುಪ್ಪಿಗೆಂದು ಕೂಡಿಟ್ಟ ಹಣ ನಡುವಯಸ್ಸಿನಲ್ಲೇ ಕರಗಿಹೋಗಬಾರದು. ಬೊಮ್ಮನಹಳ್ಳಿಯ ಟೈಲರ್ ಹೆಂಗಸಿಗೆ ಕಂಡ ಚಿತ್ರ ಬೇರೆ. ಅವಳ ಬದುಕಿನಲ್ಲಿ ಪಿಎಫ್ ಮುಪ್ಪಿನ ಹಣವಾಗಿರಲಿಲ್ಲ. ಕಾರ್ಖಾನೆ ಬಿಡಿಸಿದಾಗ, ಇನ್ನೊಂದು ಕಡೆ ಕೆಲಸ ಸಿಗುವವರೆಗೆ ಬಾಡಿಗೆ ಕಟ್ಟಲು, ಮಗನ ಶಾಲೆಯ ಫೀಸು ತುಂಬಲು, ಅಂಗಡಿಯ ಬಾಕಿ ತೀರಿಸಲು ಅವಳಿಗಿದ್ದ ಏಕೈಕ ಆಸರೆ ಅದು. ‘ಪಿಎಫ್ ಬಿಡಿಸೋದು’ ಎಂಬ ಮಾತಿನ ಹಿಂದೆ ಇರುವುದು ದುಂದುಗಾರಿಕೆಯಲ್ಲ, ಬರಿಗೈಯಲ್ಲಿ ಕುಳಿತ ತಿಂಗಳುಗಳು. ಏಪ್ರಿಲ್ 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ಆ ಅಧಿಸೂಚನೆಯನ್ನು ಹಿಂಪಡೆದದ್ದಾಗಿ ಘೋಷಿಸಿದರು.

ಈ ಘಟನೆಯಿಂದ ನಾವು ಕಲಿಯಬೇಕಾಗಿದ್ದ ಪಾಠ ಒಂದೇ. ಕೆಲಸ ಕಳೆದುಕೊಂಡವರಿಗೆ ನಂಬಬಹುದಾದ ವಿಮೆಯಿಲ್ಲದ ದೇಶದಲ್ಲಿ ಜನ ತಮ್ಮ ಮುಪ್ಪನ್ನೇ ಒತ್ತೆಯಿಟ್ಟು ವರ್ತಮಾನ ನಡೆಸುತ್ತಾರೆ. ಆ ಒತ್ತೆಯನ್ನು ಬಿಡಿಸಬೇಕಾದರೆ ಮೊದಲು ವಿಮೆ ಬರಬೇಕು. ಆ ವಿಮೆ ನಿಜವೋ ಹೆಸರಿಗಷ್ಟೋ ಎಂಬುದನ್ನು ತೀರ್ಮಾನಿಸುವುದು ಪರಿಹಾರದ ಮೊತ್ತಕ್ಕಿಂತ ಹೆಚ್ಚಾಗಿ ಅರ್ಹತೆಯ ನಿಯಮ.

ನಿರುದ್ಯೋಗಕ್ಕೆ ನೆರವು ಎಂಬ ಕಲ್ಪನೆ ನಮಗೆ ಹೊರಗಿನದಲ್ಲ. ಸಂವಿಧಾನದ 41ನೇ ವಿಧಿಯು ಮುಪ್ಪು, ಕಾಯಿಲೆ, ಅಂಗವೈಕಲ್ಯದ ಜೊತೆಗೆ ನಿರುದ್ಯೋಗವನ್ನೂ ಹೆಸರಿಸಿ, ಅಂಥ ಹೊತ್ತಿನಲ್ಲಿ ಸಾರ್ವಜನಿಕ ನೆರವು ಒದಗಿಸಲು ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಶ್ರಮಿಸಬೇಕೆಂದು ಹೇಳುತ್ತದೆ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ನಾವೆಲ್ಲ ಬಾಯಲ್ಲಿ ಹೇಳುವ ಇಎಸ್‌ಐ, ಕಾಯಿಲೆ, ಹೆರಿಗೆ, ಕೆಲಸದಲ್ಲಾಗುವ ಗಾಯಗಳಿಗೆ ರಕ್ಷಣೆ ಕೊಟ್ಟಿತು. ಕೆಲಸವೇ ಹೋದರೆ ಏನು ಎಂಬ ಪ್ರಶ್ನೆ ಅದರಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. 2005ರ ಏಪ್ರಿಲ್‌ನಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂದಾಗ ಮೊದಲ ಉತ್ತರ ಸಿಕ್ಕಿತು: ಸಂಬಳದ ಅರ್ಧದಷ್ಟು ಭತ್ಯೆ. ಆದರೆ ಆರಂಭದಲ್ಲಿ ಐದು ವರ್ಷ ವಂತಿಗೆ ಕಟ್ಟಿರಬೇಕಿತ್ತು. ಅದರ ಜೊತೆಗೆ ಕಾರ್ಖಾನೆ ಮುಚ್ಚಿರಬೇಕು, ಕಾನೂನುಬದ್ಧವಾಗಿ ಹಿಂಕಡಿತ ಆಗಿರಬೇಕು, ಇಲ್ಲವೇ ಶಾಶ್ವತ ಅಂಗವೈಕಲ್ಯ ಬಂದಿರಬೇಕು. ವರ್ಷಗಳ ಷರತ್ತು ಮುಂದೆ ಸಡಿಲವಾಯಿತು, ಭತ್ಯೆಯ ಅವಧಿಯೂ ಬೆಳೆಯಿತು. ‘ಕಾನೂನುಬದ್ಧವಾಗಿ’ ಎಂಬ ಮಾತು ಮಾತ್ರ ಬಹುತೇಕರನ್ನು ಹೊರಗೇ ನಿಲ್ಲಿಸಿತು. ನೋಟಿಸು ಅಂಟಿಸಿ, ಪರಿಹಾರ ಲೆಕ್ಕಹಾಕಿ, ಇಲಾಖೆಗೆ ತಿಳಿಸಿ ಜನರನ್ನು ಕಳಿಸುವ ಮಾಲೀಕರು ನಮ್ಮಲ್ಲಿ ಎಷ್ಟು ಮಂದಿ?

2018ರ ಜುಲೈ 1ರಂದು ಎರಡು ವರ್ಷದ ಪ್ರಯೋಗವಾಗಿ ಇಎಸ್‌ಐ ಅಡಿಯಲ್ಲೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಯಾವ ಕಾರಣಕ್ಕೇ ಆಗಲಿ ಕೆಲಸ ಹೋಗಿದ್ದರೆ ಅರ್ಜಿ ಹಾಕಬಹುದು. ದುರ್ನಡತೆಯ ಶಿಕ್ಷೆ, ನಿವೃತ್ತಿ, ಸ್ವಯಂ ನಿವೃತ್ತಿ ಇವಿಷ್ಟು ಹೊರತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಆಗಿನ ಷರತ್ತುಗಳನ್ನು ನೋಡಿ. ಎರಡು ವರ್ಷ ವಿಮೆಯ ವ್ಯಾಪ್ತಿಯ ಕೆಲಸದಲ್ಲಿರಬೇಕು. ಆ ಅವಧಿಯ ನಾಲ್ಕೂ ವಂತಿಗೆ ಅವಧಿಗಳಲ್ಲಿ, ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಪ್ರತಿ ಆರು ತಿಂಗಳಲ್ಲೂ, ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 90 ದಿನ ಕಳೆಯಬೇಕು. ಅರ್ಜಿ ಹಳೆಯ ಮಾಲೀಕರ ಮೂಲಕವೇ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ಸಿಗುವುದು ಸರಾಸರಿ ಕೂಲಿಯ ಕಾಲುಭಾಗ, 90 ದಿನಕ್ಕೆ, ಅದೂ ಬದುಕಿನಲ್ಲಿ ಒಂದೇ ಸಲ.

ಲೆಕ್ಕಕ್ಕಾಗಿ ತಿಂಗಳಿಗೆ 14,000 ರೂಪಾಯಿ ದುಡಿಯುವ ಒಬ್ಬಳನ್ನು ತೆಗೆದುಕೊಳ್ಳೋಣ. ಕಾಲುಭಾಗವೆಂದರೆ ದಿನಕ್ಕೆ ಸುಮಾರು 117 ರೂಪಾಯಿ, ಮೂರು ತಿಂಗಳಿಗೆ 10,500. ಈ ಹಣಕ್ಕಾಗಿ ಮೂರು ತಿಂಗಳು ಹಸಿದು ಕಾಯಬೇಕು. ತನ್ನನ್ನು ಹೊರಗೆ ಕಳಿಸಿದವರ ಕಚೇರಿಗೇ ಹೋಗಿ ಸಹಿಗೆ ಕೈಯೊಡ್ಡಬೇಕು. ಕೆಲಸವಿಲ್ಲದ ಮೊದಲ ತಿಂಗಳಲ್ಲೇ ಮೀಟರ್ ಬಡ್ಡಿಗೆ ಸಾಲ ಎತ್ತುವವರಿಗೆ ನಾಲ್ಕನೆಯ ತಿಂಗಳು ಬರುವ ನೆರವು ಬಡ್ಡಿ ಕಟ್ಟಲಷ್ಟೇ ಸಾಕು.

ಕೋವಿಡ್ ಬಂದಾಗ ಈ ಹೊಸ್ತಿಲು ಎಷ್ಟು ಎತ್ತರದ್ದೆಂದು ಎಲ್ಲರಿಗೂ ಕಂಡಿತು. 2020ರ ಆಗಸ್ಟ್‌ನಲ್ಲಿ ಇಎಸ್‌ಐ ನಿಗಮ ನಿಯಮಗಳನ್ನು ಬದಲಿಸಿತು. ಪರಿಹಾರ ಕಾಲುಭಾಗದಿಂದ ಅರ್ಧಕ್ಕೆ ಏರಿತು. ಕಾಯುವ ಅವಧಿ 90 ದಿನದಿಂದ 30ಕ್ಕೆ ಇಳಿಯಿತು. ಮಾಲೀಕರ ಮೂಲಕ ಹೋಗಬೇಕೆಂಬ ಕಟ್ಟಳೆ ತೆಗೆದು, ಕಾರ್ಮಿಕರು ನೇರವಾಗಿ ಅರ್ಜಿ ಹಾಕುವಂತಾಯಿತು. ನಾಲ್ಕೂ ಅವಧಿಗಳ ಬದಲು, ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿದ್ದರೆ ಸಾಕೆಂದಾಯಿತು. ಆ ವರ್ಷದ ಮಾರ್ಚ್ 24ರ ನಂತರ ಕೆಲಸ ಕಳೆದುಕೊಂಡವರಿಗೆ ಇದು ಅನ್ವಯಿಸಿತು. ಈ ಸಡಿಲಿಕೆ ವರ್ಷಾಂತ್ಯದವರೆಗೆ ಮಾತ್ರ ಎಂದು ಮೊದಲು ಹೇಳಲಾಯಿತು; ಆಮೇಲೆ ಅವಧಿಯನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಲಾಯಿತು.

ಈ ಬದಲಾವಣೆಯ ಬೆಲೆ ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಎರಡು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದವಳು, ನಡುವೆ ಒಂದು ಆರು ತಿಂಗಳಲ್ಲಿ ಅತ್ತೆಯ ಕಾಯಿಲೆಗೆಂದು ಸಂಬಳವಿಲ್ಲದ ರಜೆ ಹಾಕಿ ಊರಿಗೆ ಹೋದಳು ಎನ್ನಿ. ಆ ಅವಧಿಯಲ್ಲಿ ಅವಳ ಲೆಕ್ಕಕ್ಕೆ ಬಿದ್ದದ್ದು 50 ದಿನ. 2018ರ ನಿಯಮದಂತೆ ಅವಳು ಅನರ್ಹಳು. ಉಳಿದ ಮೂರು ಅವಧಿಗಳ ಪೂರ್ತಿ ದುಡಿಮೆ ನೀರಿನಲ್ಲಿ ಹೋಮ. 2020ರ ನಿಯಮದಂತೆ ಅವಳು ಅರ್ಹಳು, ಸರಾಸರಿ ಕೂಲಿಯ ಅರ್ಧದಷ್ಟು ಕೈಗೆ ಬರುತ್ತದೆ. ಅದೇ ಹೆಂಗಸು, ಅದೇ ದುಡಿಮೆ, ಅದೇ ವಂತಿಗೆ. ನಡುವೆ ಬದಲಾದದ್ದು ಒಂದು ವಾಕ್ಯ. ಹಳೆಯ ವಾಕ್ಯವನ್ನು ಬರೆದವರ ಕಣ್ಣ ಮುಂದೆ, ಎಂದೂ ರಜೆ ಹಾಕದ, ಮನೆಯಲ್ಲಿ ಆರೈಕೆಯ ಹೊಣೆಯಿಲ್ಲದ, ಸುಗ್ಗಿಗೆ ಊರಿಗೆ ಹೋಗದ ಒಬ್ಬ ಕಾರ್ಮಿಕನಿದ್ದ. ಬೆಂಗಳೂರಿನ ಗಾರ್ಮೆಂಟ್ಸ್ ಸಾಲಿನಲ್ಲಿ ಅಂಥವರು ಸಿಗುವುದು ಅಪರೂಪ.

ಇಷ್ಟು ಸಡಿಲಿಸಿದರೂ ನೆರವು ಮುಟ್ಟಿದ್ದು ಬೆರಳೆಣಿಕೆಗೆ. ಇಎಸ್‌ಐ ವಿಮಾದಾರರು ದೇಶದಲ್ಲಿ ಮೂರು ಕೋಟಿಗೂ ಹೆಚ್ಚು. ಲಾಕ್‌ಡೌನ್ ಅವರಲ್ಲಿ ಎಷ್ಟೋ ಮಂದಿಯ ಕೆಲಸ ಕಿತ್ತುಕೊಂಡ ವರ್ಷ, ಈ ಯೋಜನೆಯ ಪರಿಹಾರ ಪಡೆದವರ ಸಂಖ್ಯೆ ಲಕ್ಷವನ್ನೂ ಮುಟ್ಟಲಿಲ್ಲ. ಮೊದಮೊದಲು ಅಫಿಡವಿಟ್ ಬೇಕೆಂದರು. ಅದು ತೊಡಕೆಂದು ಗೊತ್ತಾದ ಮೇಲೆ ತಿಂಗಳುಗಳ ನಂತರ ಬಿಟ್ಟರು. ಆನ್‌ಲೈನ್ ಅರ್ಜಿ, ಆಧಾರ್, ಬ್ಯಾಂಕ್ ಖಾತೆ, ಇಎಸ್‌ಐ ದಾಖಲೆ ಇವುಗಳಲ್ಲಿ ಹೆಸರಿನ ಒಂದು ಅಕ್ಷರ ಹೊಂದದಿದ್ದರೂ ಅರ್ಜಿ ತೂಗಾಡುತ್ತದೆ. ಹಳ್ಳಿಗೆ ಮರಳಿದವರಿಗೆ ಶಾಖಾ ಕಚೇರಿ ಇರುವುದು ನೂರಾರು ಮೈಲಿ ದೂರದಲ್ಲಿ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಇಂಥದೊಂದು ಹಕ್ಕು ತಮಗಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೆಲಸ ಹೋದ ಕಾರಣವೂ ಒಂದು ಹೊಸ್ತಿಲು. ನಿಯಮಗಳು ಕೆಲಸದಿಂದ ತೆಗೆಯಲ್ಪಟ್ಟವರನ್ನೂ ತಾವಾಗಿ ಬಿಟ್ಟವರನ್ನೂ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸುತ್ತವೆ. ತತ್ತ್ವದಲ್ಲಿ ಅದು ಸರಿ. ವಾಸ್ತವದಲ್ಲಿ ಬೆಂಗಳೂರಿನ ಕಾರ್ಖಾನೆಗಳಿರಲಿ, ಸಾಫ್ಟ್‌ವೇರ್ ಕಚೇರಿಗಳಿರಲಿ, ತೆಗೆಯುವ ಬಳಕೆಯ ದಾರಿಯೇ ‘ರಾಜೀನಾಮೆ ಬರೆಸಿಕೊಳ್ಳುವುದು’. ಪತ್ರ ಕೊಟ್ಟರೆ ಸೆಟಲ್‌ಮೆಂಟ್ ಬೇಗ ಆಗುತ್ತದೆ, ಅನುಭವ ಪತ್ರ ಸಿಗುತ್ತದೆ. ಕೊಡದಿದ್ದರೆ ಎರಡೂ ಇಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಘಟಕದಿಂದ ಯಂತ್ರಗಳನ್ನು ಸಾಗಿಸುವುದು ತಿಳಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ವಾರಗಟ್ಟಲೆ ಧರಣಿ ಕುಳಿತರು. ದಿನ ಕಳೆದಂತೆ ಅವರಲ್ಲಿ ಅನೇಕರು ಲೆಕ್ಕ ಚುಕ್ತಾ ಮಾಡಿಕೊಂಡು ರಾಜೀನಾಮೆಗೆ ಸಹಿ ಹಾಕಿದರು. ಕಾಗದದ ಮೇಲೆ ಅವರು ‘ತಾವಾಗಿ ಬಿಟ್ಟವರು’. ಮನೆಯಲ್ಲಿ ಅಕ್ಕಿ ಮುಗಿದಾಗ ಹಾಕಿದ ಸಹಿಯನ್ನು ಸ್ವಂತ ಇಚ್ಛೆಯೆಂದು ಓದುವ ನಿಯಮ ಕಣ್ಣಿದ್ದೂ ಕುರುಡು.

ಇನ್ನು ಸಂಬಳದ ಮಿತಿ. ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚು ದುಡಿಯುವವರು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ. ಈ ಮಿತಿ ನಿಗದಿಯಾದದ್ದು 2017ರ ಜನವರಿಯಲ್ಲಿ. ಅಲ್ಲಿಂದೀಚೆಗೆ ಬೆಂಗಳೂರಿನ ಬಾಡಿಗೆ, ದಿನಸಿ, ಬಸ್ ಚಾರ್ಜು ಎಲ್ಲಿಗೆ ಹೋಗಿವೆಯೆಂದು ಓದುಗರಿಗೆ ಹೇಳಬೇಕಿಲ್ಲ. ಸಂಬಳ 22,000ಕ್ಕೆ ಏರಿದ ಮೇಲ್ವಿಚಾರಕನಿಗೆ ಬಡ್ತಿಯ ಜೊತೆ ಬರುವ ಕಾಣಿಕೆ, ವಿಮೆಯಿಂದ ಹೊರಬೀಳುವುದು. ಕೆಳಗಡೆ ನೋಡಿದರೆ ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ವರ್ಕ್‌ಶಾಪು, ಮನೆಗೆಲಸ, ಕಟ್ಟಡ ಕೆಲಸ ಇವರೆಲ್ಲ ಬಹುಪಾಲು ಹೊರಗೇ. ರಾಜ್ಯದ ಯುವನಿಧಿಯಲ್ಲಿ ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಸಿಗುತ್ತದೆ. ಅದು ಸ್ವಾಗತಾರ್ಹ. ಆದರೆ ಇಪ್ಪತ್ತು ವರ್ಷ ದುಡಿದು ನಲವತ್ತೈದರಲ್ಲಿ ಮನೆಗೆ ಬಂದವರಿಗೆ ಅದರಲ್ಲಿ ಜಾಗವಿಲ್ಲ.

ನಿಯಮ ಸಡಿಲಿಸಬಾರದು ಎನ್ನುವವರ ವಾದವನ್ನೂ ಗೌರವದಿಂದ ಕೇಳಬೇಕು. ಅವರು ಹೇಳುವುದು ಮುಖ್ಯವಾಗಿ ಎರಡು ಮಾತು. ಕುಳಿತು ಉಣ್ಣಲು ಸಿಕ್ಕರೆ ಜನ ಕೆಲಸ ಹುಡುಕುವುದಿಲ್ಲ ಎಂಬುದು ಒಂದು. ನಿಧಿ ಬರಿದಾಗುತ್ತದೆ, ಕಾಯಿಲೆ ಬಿದ್ದವರ ಚಿಕಿತ್ಸೆಗೆ ಇಟ್ಟ ಹಣಕ್ಕೆ ಕೈ ಹಾಕಬೇಕಾಗುತ್ತದೆ ಎಂಬುದು ಇನ್ನೊಂದು.

ಮೊದಲನೆಯ ಮಾತು ವರ್ಷಗಟ್ಟಲೆ ಪೂರ್ತಿ ಸಂಬಳ ಕೊಡುವ ವ್ಯವಸ್ಥೆಗೆ ಅನ್ವಯಿಸೀತು. ಅರ್ಧ ಸಂಬಳ, ಮೂರು ತಿಂಗಳು, ಬದುಕಿನಲ್ಲಿ ಒಂದೇ ಸಲ ಎಂಬ ಕಡೆ ಸೋಮಾರಿತನ ಬೆಳೆಯಲು ಜಾಗವೆಲ್ಲಿ? ತಿಂಗಳಿಗೆ 7,000 ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಯಾರೂ ಸುಮ್ಮನೆ ಕುಳಿತಿರಲಾರರು. ಆ ಹಣ ಮಾಡುವ ಕೆಲಸ ಬೇರೆ. ಹತ್ತು ವರ್ಷ ಟೈಲರ್ ಆಗಿದ್ದವಳು ಮರುದಿನವೇ ಸಿಕ್ಕಿದ ಹೆಲ್ಪರ್ ಕೆಲಸಕ್ಕೆ ಕಡಿಮೆ ಕೂಲಿಗೆ ಸೇರದೆ, ನಾಲ್ಕು ಗೇಟು ಸುತ್ತಿ ತನ್ನ ಕೈಗೆಲಸಕ್ಕೆ ತಕ್ಕ ಜಾಗ ಹುಡುಕಲು ಅದು ಬಿಡುವು ಕೊಡುತ್ತದೆ. ಇದರಿಂದ ಅವಳಿಗೂ ಲಾಭ, ನುರಿತ ಕೈ ಬೇಕಾದ ಉದ್ಯಮಕ್ಕೂ ಲಾಭ.

ಎರಡನೆಯ ಮಾತಿಗೆ ತೂಕವಿದೆ. ವಿಮೆ ದಾನವಲ್ಲ, ಲೆಕ್ಕ ಸರಿಹೋಗಲೇಬೇಕು. 2019ರ ಜುಲೈಯಲ್ಲಿ ಇಎಸ್‌ಐ ವಂತಿಗೆಯನ್ನು ಒಟ್ಟು ಶೇ 6.5ರಿಂದ ಶೇ 4ಕ್ಕೆ ಇಳಿಸಲಾಯಿತು. ಮಾಲೀಕರ ಪಾಲು ಶೇ 3.25, ಕಾರ್ಮಿಕರ ಪಾಲು ಶೇ 0.75. ನಿರುದ್ಯೋಗ ವಿಮೆಗೆಂದೇ ಒಂದು ಸಣ್ಣ ಪಾಲನ್ನು ಬೇರೆ ತೆಗೆದು, ಬೇರೆ ಲೆಕ್ಕದಲ್ಲಿಟ್ಟರೆ ಚಿಕಿತ್ಸೆಯ ಹಣಕ್ಕೆ ಕೈ ಹಾಕುವ ಪ್ರಶ್ನೆಯೇ ಬರುವುದಿಲ್ಲ. ನಿಧಿಯನ್ನು ಉಳಿಸಲು ವಂತಿಗೆಯನ್ನು ಸರಿಪಡಿಸುವುದು ನೇರ ದಾರಿ. ವಂತಿಗೆ ಕಟ್ಟಿಸಿಕೊಂಡು, ಅರ್ಹತೆಯ ಸಣ್ಣಕ್ಷರಗಳಲ್ಲಿ ಜನರನ್ನು ಸೋಸಿ ಹೊರಹಾಕಿ ನಿಧಿ ಉಳಿಸುವುದು ಅನ್ಯಾಯದ ದಾರಿ.

ಇತರ ದೇಶಗಳೂ ಈ ತಕ್ಕಡಿಯನ್ನು ತೂಗಿಸಿವೆ. ಜರ್ಮನಿಯಲ್ಲಿ ನಿರುದ್ಯೋಗ ವಿಮೆ 1927ರಿಂದ ಇದೆ. ಅಲ್ಲಿ ಭತ್ಯೆ ಪಡೆಯಲು ಹಿಂದಿನ ಎರಡು ವರ್ಷಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿರಬೇಕಿತ್ತು. ತುಂಡುತುಂಡಾಗಿ ದುಡಿಯುವವರು ಹೊರಗುಳಿಯುತ್ತಿದ್ದುದನ್ನು ಕಂಡು, 2020ರ ಆರಂಭದಿಂದ ಆ ಎರಡು ವರ್ಷವನ್ನು 30 ತಿಂಗಳಿಗೆ ಹಿಗ್ಗಿಸಿದರು. ಕಟ್ಟಬೇಕಾದ ವಂತಿಗೆ ಅಷ್ಟೇ, ಹಿಂದಿರುಗಿ ನೋಡುವ ಕಿಟಕಿ ಮಾತ್ರ ದೊಡ್ಡದಾಯಿತು. ಅಮೆರಿಕದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಮುಗಿದ ಐದು ತ್ರೈಮಾಸಿಕಗಳಲ್ಲಿ ಮೊದಲ ನಾಲ್ಕರ ಗಳಿಕೆಯನ್ನು ಮಾತ್ರ ಲೆಕ್ಕಹಾಕುತ್ತಿದ್ದರು. ಇತ್ತೀಚಿನ ದುಡಿಮೆಯೇ ಲೆಕ್ಕಕ್ಕೆ ಬಾರದೆ ಕಡಿಮೆ ಸಂಬಳದವರು ಸೋಲುತ್ತಿದ್ದರು. 2009ರ ಆರ್ಥಿಕ ಕುಸಿತದಲ್ಲಿ ಅಲ್ಲಿನ ಕೇಂದ್ರ ಸರ್ಕಾರ, ಇದನ್ನು ತಿದ್ದಿಕೊಳ್ಳುವ ರಾಜ್ಯಗಳಿಗೆ ಹಂಚಲು 700 ಕೋಟಿ ಡಾಲರ್ ಇಟ್ಟಿತು. ಅದೇ ದೇಶದ ಫ್ಲೋರಿಡಾ 2011ರಲ್ಲಿ ಹಿಂದಕ್ಕೆ ನಡೆಯಿತು. 26 ವಾರದವರೆಗೆ ಸಿಗುತ್ತಿದ್ದ ಭತ್ಯೆ, ರಾಜ್ಯದಲ್ಲಿ ನಿರುದ್ಯೋಗ ಕಡಿಮೆಯಿದ್ದಾಗ 12 ವಾರಕ್ಕೇ ನಿಲ್ಲುವಂತೆ ಕಾನೂನಾಯಿತು. ಕೋವಿಡ್ ಬಂದಾಗ ಅಲ್ಲಿನ ಜನ ಅದೇ 12 ವಾರದ ಮಿತಿಯೊಂದಿಗೆ ಸಂಕಟಕ್ಕೆ ಕಾಲಿಡಬೇಕಾಯಿತು. ಸುಭಿಕ್ಷದ ದಿನಗಳಲ್ಲಿ ಕಡಿದ ಆಸರೆ ದುರ್ಭಿಕ್ಷದಲ್ಲಿ ಒಂದು ರಾತ್ರಿಗೆ ಚಿಗುರುವುದಿಲ್ಲ.

ಈ ಹೊಸ್ತಿಲನ್ನು ಅಮೆರಿಕದ ಕನ್ನಡಿಗರೂ ಬಲ್ಲರು. ಎಚ್‌-1ಬಿ ವೀಸಾದಲ್ಲಿರುವ ಎಂಜಿನಿಯರನ ಹೆಸರಿನಲ್ಲಿಯೂ ಕಂಪನಿ ನಿರುದ್ಯೋಗ ವಿಮೆಯ ತೆರಿಗೆ ಕಟ್ಟುತ್ತದೆ. ಆದರೆ ಕೆಲಸ ಹೋದರೆ, ಬೇರೆ ಯಾವ ಕೆಲಸಕ್ಕೂ ತಕ್ಷಣ ಸೇರಲು ವೀಸಾ ಬಿಡದ ಕಾರಣ ಅವನನ್ನು ಬಹುತೇಕ ಅನರ್ಹನೆಂದೇ ಎಣಿಸಲಾಗುತ್ತದೆ. ಅವನಿಗೆ ಉಳಿಯುವುದು ಹೊಸ ಕೆಲಸ ಹುಡುಕಲು 60 ದಿನ. ಜಯನಗರದಲ್ಲಿ ಕುಳಿತು ಮಗನಿಗಾಗಿ ಕಳವಳಪಡುವ ತಂದೆತಾಯಿ, ತಮ್ಮ ಮನೆಯ ಹಿಂದಿನ ಬೀದಿಯ ಗಾರ್ಮೆಂಟ್ಸ್ ಹೆಂಗಸಿನ ಕಳವಳವೂ ಅದೇ ಜಾತಿಯದೆಂದು ಅರಿತರೆ ಈ ವಿಚಾರಕ್ಕೆ ಬಲ ಬರುತ್ತದೆ.

ಈಗ ಈ ಮಾತು ಎತ್ತಲು ಎರಡು ಕಾರಣಗಳಿವೆ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯನಿಧಿ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ಹೊಸ ನಿರ್ಧಾರ ಕೈಗೊಂಡಿತು. ಕೆಲಸ ಹೋದವರು ಶೇ 75ರಷ್ಟನ್ನು ತಕ್ಷಣ ತೆಗೆಯಬಹುದು. ಉಳಿದದ್ದಕ್ಕೆ, ಹಿಂದಿದ್ದ ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು. ಬಹುಪಾಲು ಹಣ ಕೂಡಲೇ ಸಿಗುವುದು ಒಳ್ಳೆಯದು. ಒಂದಿಷ್ಟು ಮುಪ್ಪಿಗೆ ಉಳಿಯಲೆಂಬ ಉದ್ದೇಶವೂ ಒಳ್ಳೆಯದೇ. ಆದರೆ 2016ರ ಪಾಠ ಇಲ್ಲಿಯೂ ನಿಲ್ಲುತ್ತದೆ. ಒಂದು ಕಡೆ ಬೀಗ ಹಾಕುವವರು ಇನ್ನೊಂದು ಕಡೆ ಬಾಗಿಲು ತೆರೆಯಬೇಕು. ಎರಡನೆಯ ಕಾರಣ, ಅದೇ ವರ್ಷ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು. ಸರ್ಕಾರದ ಅನುಮತಿಯಿಲ್ಲದೆ ಜನರನ್ನು ತೆಗೆಯುವ, ಘಟಕ ಮುಚ್ಚುವ ಸ್ವಾತಂತ್ರ್ಯ ಈಗ 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳಿಗೂ ಸಿಕ್ಕಿದೆ. ಮೊದಲು ಈ ಗೆರೆ 100 ಆಗಿತ್ತು. ಹಿಂಕಡಿತಕ್ಕೊಳಗಾದವರಿಗೆ 15 ದಿನದ ಕೂಲಿಯಷ್ಟು ಮರುಕೌಶಲ್ಯ ನಿಧಿಯಿಂದ ಸಿಗಬೇಕೆಂಬ ನಿಯಮವೂ ಇದೆ. ತೆಗೆಯುವ ಸಲಿಗೆಯನ್ನು ಮೂರು ಪಟ್ಟು ಹಿಗ್ಗಿಸಿದ ದೇಶ ಬೀಳುವವರ ಬುಡಕ್ಕೆ 15 ದಿನದ ಚಾಪೆ ಹಾಸಿ ಸುಮ್ಮನಿರಲಾಗದು.

ಹಾಗಾದರೆ ಬೇಕಾದದ್ದೇನು? 2020ರ ಸಡಿಲಿಕೆಗಳನ್ನು ವಿಸ್ತರಣೆಯ ಆದೇಶಗಳ ಮರ್ಜಿಗೆ ಬಿಡದೆ ಕಾಯಂ ಕಾನೂನು ಮಾಡಬೇಕು. ಮಳೆಗಾಲ ಬಂದಾಗ ಮಾತ್ರ ಮಾಡಿಗೆ ಹಂಚು ಹೊದಿಸಿ, ಬಿಸಿಲು ಬಿದ್ದೊಡನೆ ತೆಗೆಯುವುದು ಮನೆ ಕಟ್ಟುವ ಕ್ರಮವಲ್ಲ. 78 ದಿನಗಳನ್ನು ಆರಾರು ತಿಂಗಳಿಗೆ ಹಂಚದೆ, ಹಿಂದಿನ 30 ತಿಂಗಳ ಒಟ್ಟು ದುಡಿಮೆಯನ್ನು ಲೆಕ್ಕ ಹಾಕಬೇಕು. ‘ಬದುಕಿನಲ್ಲಿ ಒಂದೇ ಸಲ’ ಎಂಬ ಮಾತು ಹೋಗಬೇಕು; ಮತ್ತೆ ನಿಗದಿತ ಕಾಲ ವಂತಿಗೆ ಕಟ್ಟಿದವರಿಗೆ ಮತ್ತೆ ಹಕ್ಕು ಹುಟ್ಟಬೇಕು. ರಾಜೀನಾಮೆ ಪತ್ರವಿದ್ದರೂ ಘಟಕ ಮುಚ್ಚಿದ್ದರೆ, ಅಥವಾ ಒಂದೇ ತಿಂಗಳಲ್ಲಿ ಹಲವರು ರಾಜೀನಾಮೆ ಕೊಟ್ಟಿದ್ದರೆ, ಅದನ್ನು ಹಿಂಕಡಿತವೆಂದೇ ಪರಿಗಣಿಸಿ, ಅಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಮಾಲೀಕರ ಮೇಲೆ ಹಾಕಬೇಕು. 21,000ದ ಮಿತಿಯನ್ನು ಬೆಲೆಯೇರಿಕೆಗೆ ಹೊಂದಿಸಿ ಕಾಲಕಾಲಕ್ಕೆ ಏರಿಸಬೇಕು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿ, ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕಕ್ಕೆ ಅವಕಾಶ ಕಲ್ಪಿಸಿದೆ. ಆ್ಯಪ್‌ನಿಂದ ಐಡಿ ಬ್ಲಾಕ್ ಆದ ದಿನವೇ ಕೆಲಸ ಕಳೆದುಕೊಳ್ಳುವ ಡೆಲಿವರಿ ಹುಡುಗರಿಗೆ ಆ ನಿಧಿಯಿಂದ ಕೆಲವು ವಾರಗಳ ಆಸರೆ ಕೊಟ್ಟು ರಾಜ್ಯ ದೇಶಕ್ಕೆ ಮೇಲ್ಪಂಕ್ತಿ ಹಾಕಬಹುದು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯಲ್ಲಿ, ನಿಮ್ಮ ಊರಿಗೆ ಮರಳಿದವರಲ್ಲಿ, ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತವಾಗಿದ್ದು ಈಗ ಕೆಲಸ ಹೋದವರು ಯಾರಾದರೂ ಇರುತ್ತಾರೆ. ಅವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಹೆಸರು ಹೇಳಿ, ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಲು ಹೇಳಿ. ಕೈಲಾದರೆ ಜೊತೆಯಲ್ಲಿ ಹೋಗಿ ಅರ್ಜಿ ತುಂಬಿಸಿಕೊಡಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅರ್ಜಿಗಳೇ ಬಾರದ ಯೋಜನೆಗೆ ಬೇಡಿಕೆಯಿಲ್ಲವೆಂದು ಸರ್ಕಾರ ತೀರ್ಮಾನಿಸುತ್ತದೆ. ಕಾರಣ ಸಹಿತ ತಿರಸ್ಕೃತವಾದ ಒಂದೊಂದು ಅರ್ಜಿಯೂ ನಿಯಮ ಎಲ್ಲಿ ತಪ್ಪಿದೆಯೆಂದು ತೋರಿಸುವ ಸಾಕ್ಷಿಯಾಗಿ ಉಳಿಯುತ್ತದೆ.